ಮೂರು ವರ್ಷ ಬಳಸಿದ ಹಳೆಯ ಕ್ಯಾಟಮರಾನ್: ಸಾಮಾನಿನ ಪಟ್ಟಿ ನೋಡಿ ಮರುಳಾಗಬೇಡಿ

ಎರಡು ಒಡಲಿನ ಆ ಹಾಯಿದೋಣಿಯ ಜಾಹೀರಾತಿನಲ್ಲಿ ಒಟ್ಟು 63 ಸಾಮಾನುಗಳ ಹೆಸರಿತ್ತು. ಜನರೇಟರ್, ಎರಡು ಎಸಿ, ವಾಷಿಂಗ್ ಮಷೀನ್, ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ, ಡೈವಿಂಗ್ ಸಿಲಿಂಡರ್ ತುಂಬುವ ಕಂಪ್ರೆಸರ್, ಸೋಲಾರ್, ರೇಡಾರ್, ಐಸ್ ಮಾಡುವ ಪೆಟ್ಟಿಗೆ. ಕೊನೆಗೊಂದು ಸಾಲು: 'ಮನೆ ಮಾಡಲು, ಸಾಗರ ದಾಟಲು ಪೂರ್ತಿ ಸಜ್ಜಾಗಿದೆ.' ನಾನು ಮರುಳಾಗಿದ್ದು ಆ ಸಾಲಿಗೆ.

ನಾನು ಬೀದರಿನವನು. ಹಡಗಿನ ಎಂಜಿನ್ ರೂಮಿನಲ್ಲಿ 24 ವರ್ಷ ದುಡಿದಿದ್ದೇನೆ. ನಮ್ಮೂರು ಸಮುದ್ರ ಮಟ್ಟದಿಂದ 2,300 ಅಡಿ ಮೇಲಿದೆ. ದೋಣಿ ಕೊಂಡೆ ಅಂದಾಗ ನಮ್ಮ ಓಣಿಯಲ್ಲಿ ಮೊದಲು ಕೇಳಿದ ಪ್ರಶ್ನೆ, "ಎಲ್ಲಿ ಬಿಡ್ತೀರಿ, ಕಾರಂಜಾ ಡ್ಯಾಮಿನ್ಯಾಗ?" ಅಂತ. ಅಲ್ಲ, ಮಲೇಷ್ಯಾದ ಲಂಕಾವಿಯಲ್ಲಿ. ಅದು ಸುಂಕವಿಲ್ಲದ ದ್ವೀಪ, ಹಳೆಯ ಹಾಯಿದೋಣಿಗಳು ಅಲ್ಲಿ ಬಹಳ ಸಿಗುತ್ತವೆ. ಕಾರವಾರದ ಗೆಳೆಯನೊಬ್ಬನ ಜೊತೆ ಅರ್ಧ ಅರ್ಧ ಹಾಕಿ 2022ರ ಅಕ್ಟೋಬರ್‌ನಲ್ಲಿ ಕೊಂಡೆ. 2004ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ 38 ಅಡಿ ಉದ್ದದ ದೋಣಿ, 27 ಎಚ್‌ಪಿಯ ಎರಡು ಡೀಸೆಲ್ ಎಂಜಿನ್, ನಾಲ್ಕು ಮಲಗುವ ಕೋಣೆ. ಒಂದು ಕೋಟಿ ಎಂಟು ಲಕ್ಷ ಬಿತ್ತು. ವರ್ಷಕ್ಕೆ ನಾಲ್ಕು ತಿಂಗಳಿನಂತೆ ಇಲ್ಲಿವರೆಗೆ ಸುಮಾರು 13 ತಿಂಗಳು ಅದರಲ್ಲೇ ವಾಸ ಮಾಡಿದ್ದೇವೆ.

ಕ್ಯಾಟಮರಾನ್ ಅನ್ನೋದು ಇಂಗ್ಲಿಷಿನ ಹುಟ್ಟುಪದ ಅಲ್ಲ, ತಮಿಳಿನ ಕಟ್ಟುಮರಂ ಅಲ್ಲಿಗೆ ಹೋಗಿ ಹಾಗಾಯಿತು. ಎರಡು ಸಣ್ಣ ಒಡಲು, ನಡುವೆ ಸೇತುವೆಯಂಥ ಅಟ್ಟ, ಅದರ ಮೇಲೆ ಕೂರುವ ಕೋಣೆ ಮತ್ತು ಅಡುಗೆಮನೆ. ಒಂದೇ ಒಡಲಿನ ದೋಣಿ ಗಾಳಿಗೆ ಒರಗಿಕೊಂಡು ಹೋಗುತ್ತದೆ. ಅದು ಪೂರ್ತಿ ಮಗುಚದಂತೆ ತಳದಲ್ಲಿ ಸೀಸವೋ ಕಬ್ಬಿಣವೋ ಇರುತ್ತದೆ. ಇದಕ್ಕೆ ಆ ಭಾರವಿಲ್ಲ. 21 ಅಡಿ ಅಗಲವೇ ಇದರ ಬಲ. ಸ್ಟವ್ ಮೇಲಿನ ಚಹಾ ಚೆಲ್ಲುವುದಿಲ್ಲ. ನಾಲ್ಕು ಅಡಿ ನೀರಿದ್ದರೂ ಸಾಕು, ದಡದ ಹತ್ತಿರವೇ ಲಂಗರು ಹಾಕಬಹುದು. ಎರಡು ಎಂಜಿನ್ ದೂರ ದೂರ ಇರುವುದರಿಂದ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಹಾಕಿದರೆ ನಿಂತಲ್ಲೇ ಬುಗುರಿ ಹಾಗೆ ತಿರುಗುತ್ತದೆ. ಮನೆಯಾಗಿ ಇದಕ್ಕೆ ನಾನು ಹತ್ತಕ್ಕೆ ಒಂಬತ್ತು ಕೊಡುತ್ತೇನೆ.

ದೋಣಿಯಾಗಿ ಅಷ್ಟು ಕೊಡಲಾರೆ. ಕೊಡದಿರಲು ಕಾರಣ ಆ 63 ಸಾಮಾನು.

ಕೊಂಡ ಮೊದಲ ವಾರವೇ ನೋಡಿದೆ, ಒಡಲಿನ ಮೇಲೆ ಬಣ್ಣದಲ್ಲಿ ಬರೆದ ನೀರಿನ ಗೆರೆ ನಾಲ್ಕು ಬೆರಳು ಮುಳುಗಿತ್ತು. ಸಣ್ಣ ಒಡಲಿನ ಈ ದೋಣಿಗಳಿಗೆ ತೂಕ ತಡೆಯುವುದಿಲ್ಲ. ನಿಧಾನ ಆಗುವುದಷ್ಟೇ ಅಲ್ಲ, ನಡುವಿನ ಅಟ್ಟ ನೀರಿಗೆ ಹತ್ತಿರ ಇಳಿಯುತ್ತದೆ. ಎದುರಿಂದ ಅಲೆ ಬಂದಾಗ ಅದು ಕೆಳಗಿಂದ ದಬಾರ್ ಅಂತ ಬಡಿಯುತ್ತದೆ. ಮೊದಲ ರಾತ್ರಿ ಪಯಣದಲ್ಲಿ ಮೇಜಿನ ಮೇಲಿದ್ದ ಸ್ಟೀಲ್ ಲೋಟಗಳು ಹಾರಿ ಬೀಳುತ್ತಿದ್ದವು. ನಮ್ಮಾಕಿ ಎದ್ದು ಕೂತು, "ಯಾರೋ ಕೆಳಗಿಂದ ಒನಕಿ ಕುಟ್ಲತ್ತಾರ ನೋಡ್ರಿ" ಅಂದಳು. ಅದಕ್ಕಿಂತ ಸರಿಯಾಗಿ ನಾನು ಹೇಳಲಾರೆ.

ಒಂದೊಂದೇ ಇಳಿಸುತ್ತಾ ಬಂದೆವು. ಜನರೇಟರ್ ಒಂದೇ 140 ಕಿಲೋ ಇತ್ತು, ಅದೂ ಬಂದ್ ಬಿದ್ದದ್ದು. ಎಸಿ ಎರಡೂ ತುಕ್ಕು ಹಿಡಿದಿದ್ದವು. ವಾಷಿಂಗ್ ಮಷೀನ್ ಓಡುತ್ತಿತ್ತು, ಆದರೆ ಒಂದು ಸಲಕ್ಕೇ ಕರೆಂಟ್, ನೀರು ಎರಡನ್ನೂ ಸಿಕ್ಕಾಪಟ್ಟೆ ಕುಡಿಯುತ್ತಿತ್ತು. ಕಂಪ್ರೆಸರ್, ತುಕ್ಕು ಸರಪಳಿ, ಎರಡನೇ ಔಟ್‌ಬೋರ್ಡ್ (ಸಣ್ಣ ದೋಣಿಯ ಹಿಂದೆ ಸಿಕ್ಕಿಸುವ ಎಂಜಿನ್) ಎಲ್ಲ ಸೇರಿ ಸುಮಾರು 450 ಕಿಲೋ ಹೊರಗೆ ಹೋಯಿತು. ಗೆರೆ ಮತ್ತೆ ಕಂಡಿತು. ಒನಕೆ ಸದ್ದು ಪೂರ್ತಿ ನಿಲ್ಲಲಿಲ್ಲ, ಆದರೆ ನಿದ್ದೆ ಬರುವಷ್ಟು ಕಡಿಮೆ ಆಯಿತು. ಜಾಹೀರಾತಿನ ಪಟ್ಟಿಯಲ್ಲಿ ಇವತ್ತು ಉಳಿದಿರುವುದು 30ರ ಹತ್ತಿರ. ಆ ಪಟ್ಟಿಗೆ ಅಂತ ನಾವು ಜಾಸ್ತಿ ಕೊಟ್ಟ ದುಡ್ಡು ಮಾತ್ರ ವಾಪಸ್ ಬರಲಿಲ್ಲ, ಬಿಡಿ.

ಕೊಳ್ಳುವ ಮೊದಲು ಮಾಡಿದ ಒಂದೇ ಜಾಣತನ ಅಂದರೆ ದೋಣಿ ಪರೀಕ್ಷಿಸುವ ನಮ್ಮದೇ ಸರ್ವೇಯರ್‌ನನ್ನು ಕರೆಸಿದ್ದು. ಅವನ ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಸುತ್ತಿಗೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬಾರಿಸಿ ನೋಡುತ್ತೇವಲ್ಲ, ಹಾಗೆ ಡೆಕ್ಕನ್ನೆಲ್ಲ ಗೇಣು ಗೇಣಿಗೆ ತಟ್ಟುತ್ತಾ ಹೋದ. ಟಕ್, ಟಕ್, ಟಕ್. ಬಲಗಡೆ ಕಂಬಿಯ ಬುಡದ ಹತ್ತಿರ ಸದ್ದು ಮಂಕಾಯಿತು. ಫೈಬರ್‌ನ ಎರಡು ಪದರದ ನಡುವೆ ಬಾಲ್ಸಾ ಅನ್ನುವ ಹಗುರ ಮರ ಇರುತ್ತದೆ. ಸ್ಕ್ರೂ ತೂತಿನಿಂದ ನೀರಿಳಿದು ಅದು ನೆನೆದಿತ್ತು. ಸೀಮೆಸುಣ್ಣದಲ್ಲಿ ಗುರುತು ಮಾಡಿದ, ಎರಡು ತಟ್ಟೆ ಅಗಲ. ಅಷ್ಟರಿಂದಲೇ ಬೆಲೆ ನಾಲ್ಕು ಲಕ್ಷ ಇಳಿಯಿತು. ಸರ್ವೇಯರ್‌ಗೆ ಕೊಟ್ಟದ್ದು ಅದರ ಐದನೇ ಒಂದು ಪಾಲೂ ಅಲ್ಲ.

ಆದರೆ ಅವನೂ ಹೇಳದ, ನಾವೂ ನೋಡದ ಒಂದಿತ್ತು. ಆಪತ್ತಿನಲ್ಲಿ ಉಪಗ್ರಹಕ್ಕೆ ಸುದ್ದಿ ಕೊಡುವ ಹಳದಿ ಯಂತ್ರ ದೋಣಿಯಲ್ಲಿತ್ತು, ಬ್ಯಾಟರಿಯೂ ಚೆನ್ನಾಗಿತ್ತು. ಆರು ತಿಂಗಳಾದ ಮೇಲೆ ಗೊತ್ತಾಯಿತು, ಅದರ ನೋಂದಣಿ ಇನ್ನೂ ಹಳೆಯ ಮಾಲೀಕರ ಹೆಸರಲ್ಲೇ ಇದೆ ಅಂತ. ನಾವು ಮುಳುಗಿದ್ದರೆ ರಕ್ಷಣೆಯವರು ಫೋನ್ ಮಾಡುತ್ತಿದ್ದದ್ದು ಯುರೋಪಿನಲ್ಲಿ ಆರಾಮಾಗಿ ಕೂತಿರುವ ಅಜ್ಜನಿಗೆ. ಹಳೆ ದೋಣಿ ಕೊಂಡವರು ಮೊದಲ ದಿನವೇ ಇದನ್ನು ಬದಲಾಯಿಸಿ. ಗಾಳಿ ತುಂಬುವ ಜೀವರಕ್ಷಕ ತೆಪ್ಪದ ಸರ್ವಿಸ್ ಚೀಟಿಯನ್ನೂ ಓದಿ. ನಮ್ಮದರ ಅವಧಿ 2017ಕ್ಕೇ ಮುಗಿದಿತ್ತು. ಪಟ್ಟಿಯಲ್ಲಿ ಅದೂ ಒಂದು ಸಾಮಾನು.

ಹಾಯಿ ವಿಷಯಕ್ಕೆ ಬಂದರೆ, ಒಂದು ಪೆಟ್ಟು ತಿಂದೇ ಕಲಿತದ್ದು. ಅದೇ ಅಕ್ಟೋಬರ್‌ನಲ್ಲಿ ಪೆನಾಂಗಿನಿಂದ ಲಂಕಾವಿಗೆ ರಾತ್ರಿ ವಾಪಸ್ ಬರುತ್ತಿದ್ದೆವು. ಮಲಕ್ಕಾ ಜಲಸಂಧಿಯಲ್ಲಿ ನೈರುತ್ಯ ಮಾನ್ಸೂನ್ ಕಾಲದಲ್ಲಿ ಬೆಳಗಿನ ಜಾವ ಏಕಾಏಕಿ ಎರಗುವ ಗಾಳಿಮಳೆಗೆ ನಾವಿಕರು 'ಸುಮಾತ್ರಾ' ಅಂತಾರೆ. ಮೂರೂವರೆ ಗಂಟೆಗೆ ಅದು ಬಂತು. ಗಾಳಿ 8 ನಾಟ್‌ನಿಂದ 35ಕ್ಕೆ ಹಾರಿತು (ಒಂದು ನಾಟ್ ಅಂದರೆ ತಾಸಿಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.). ಒಂದೇ ಒಡಲಿನ ದೋಣಿಯಾಗಿದ್ದರೆ ಒರಗಿಕೊಂಡು, 'ಹಾಯಿ ಇಳಿಸಪ್ಪ' ಅಂತ ಅದೇ ಹೇಳುತ್ತಿತ್ತು. ನಮ್ಮದು ಒರಗಲೇ ಇಲ್ಲ. ಸುಮ್ನೆ ವೇಗ ಹೆಚ್ಚಿಸಿತು. 6, 8, 11 ನಾಟ್. ಒಳಗೆ ಮಲಗಿದ್ದ ಗೆಳೆಯನಿಗೆ ಎಚ್ಚರವೂ ಆಗಲಿಲ್ಲ. ಹಾಯಿ ಇಳಿಸುವಷ್ಟರಲ್ಲಿ ಅಂಚಿನಲ್ಲಿ ಮೊಳದುದ್ದ ಹರಿದಿತ್ತು, ಹಾಯಿಯನ್ನು ಬಿಗಿಯಾಗಿ ಹಿಡಿಯುವ ಒಂದು ಅಡ್ಡಕಡ್ಡಿಯೂ ಮುರಿದಿತ್ತು. ಕ್ಯಾಟಮರಾನ್ ಮಗುಚಿದರೆ ಮತ್ತೆ ತಾನಾಗಿ ಎದ್ದು ನಿಲ್ಲುವುದಿಲ್ಲ, ಇದು ನೆನಪಿರಲಿ. ಈಗ ನಮ್ಮ ನಿಯಮ: ಗಾಳಿ 18 ನಾಟ್ ತಲುಪಿದರೆ ಹಾಯಿಯ ಒಂದು ಮಡಿಕೆ ಇಳಿಸುವುದು, ಕತ್ತಲಾದರೆ ಗಾಳಿ ಇರಲಿ ಬಿಡಲಿ ಮೊದಲೇ ಇಳಿಸುವುದು. ದೋಣಿ ಹೇಳೋದಿಲ್ಲ, ಗಾಳಿಯ ಮೀಟರ್ ನೋಡಬೇಕು.

ನೀರಿನ ಯಂತ್ರದ ಕಥೆ ಬೇರೆ. ಮನೆಯ ಆರ್‌ಒ ಫಿಲ್ಟರ್‌ನ ಅಣ್ಣ ಅನ್ನಿ, ಆದರೆ ಒತ್ತಡ 55 ಬಾರ್ ಹತ್ತಿರ. ಹಳೆಯ ಮಾಲೀಕರು ಸಿಹಿನೀರಿನಲ್ಲಿ ತೊಳೆಯದೆ ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದರು, ಒಳಗಿನ ಪೊರೆ ಕೊಳೆತಿತ್ತು. ಹೊಸದು ಹಾಕಿದೆವು. ಈಗ ತಾಸಿಗೆ 60 ಲೀಟರ್ ಕೊಡುತ್ತದೆ. ನಿಜ ಹೇಳಬೇಕೆಂದರೆ ಅದನ್ನು ನಾವು ದಿನ ಬಿಟ್ಟು ದಿನ ಒಂದೇ ತಾಸು ಓಡಿಸುತ್ತೇವೆ. ಪಕ್ಕದ ದೋಣಿಯ ಜರ್ಮನ್ ದಂಪತಿಗೆ ಅದೇ ಅಚ್ಚರಿ, ಇಬ್ಬರಿಗೆ ದಿನಕ್ಕೆ 30 ಲೀಟರ್ ಹೇಗೆ ಸಾಲುತ್ತೆ ಅಂತ. ನಳ ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಬೆಳೆದವರು ನಾವು. ಬಹಮನಿ ಸುಲ್ತಾನರು ಬೀದರಿನಲ್ಲಿ ನೆಲದಡಿ ಸುರಂಗ ಕೊರೆದು ನೀರು ತಂದದ್ದು ಸುಮ್ನೆ ಅಲ್ಲ.

ಬಿಸಿಲೂ ನಮಗೆ ಗೊತ್ತು. ಗೊತ್ತಿಲ್ಲದ್ದು ತೇವ. ಚರ್ಮದ ಚಪ್ಪಲಿಗೆ ಹತ್ತೇ ದಿನದಲ್ಲಿ ಹಸಿರು ಬೂಷ್ಟು ಬಂತು. ಖಡಕ್ ರೊಟ್ಟಿ ಎಷ್ಟು ದಿನವಾದರೂ ಕೆಡೋದಿಲ್ಲ ಅಂತ ನೂರೈವತ್ತು ಒಯ್ದಿದ್ದೆವು. ಮೂರನೇ ದಿನಕ್ಕೆ ಕರವಸ್ತ್ರದ ಹಾಗೆ ಮಡಚುವಷ್ಟು ಮೆತ್ತಗಾದವು. ಈಗ ರಬ್ಬರ್ ಸೀಲ್ ಇರುವ ಡಬ್ಬಿಯಲ್ಲಿಟ್ಟು, ತಿನ್ನುವಾಗ ಹಂಚಿನ ಮೇಲೆ ಬಿಸಿ ಮಾಡುತ್ತೇವೆ. ಶೇಂಗಾ ಹಿಂಡಿಗೆ ಏನೂ ಆಗಲಿಲ್ಲ.

ಉಪ್ಪುನೀರು ತಿನ್ನುವುದು ರೊಟ್ಟಿಯನ್ನಷ್ಟೇ ಅಲ್ಲ. ಪ್ರೊಪೆಲರ್‌ನ ಕಂಚು ಕೊರೆಯದಿರಲಿ ಅಂತ ಹತ್ತಿರದಲ್ಲಿ ಸತುವಿನ ಗಡ್ಡೆ ಕಟ್ಟಿರುತ್ತಾರೆ. ಸಮುದ್ರ ಮೊದಲು ಸತುವನ್ನು ತಿನ್ನುತ್ತದೆ, ಕಂಚು ಉಳಿಯುತ್ತದೆ. ಒಂದು ವರ್ಷ ಬರಬೇಕಾದ ಗಡ್ಡೆ ಮೂರೇ ತಿಂಗಳಿಗೆ ಕರಗಿತ್ತು. ಮರೀನಾದ (ದೋಣಿ ನಿಲ್ಲಿಸುವ ಬಂದರಿನ) ಕರೆಂಟ್ ತಂತಿಯ ಅರ್ಥಿಂಗ್ ಮೂಲಕ ಅಕ್ಕಪಕ್ಕದ ದೋಣಿಗಳ ಲೋಹವೆಲ್ಲ ಒಂದಕ್ಕೊಂದು ಸೇರಿ, ದೊಡ್ಡ ಬ್ಯಾಟರಿಯಂತಾಗಿತ್ತು. ಗ್ಯಾಲ್ವನಿಕ್ ಐಸೊಲೇಟರ್ ಅನ್ನುವ ಸಣ್ಣ ಪೆಟ್ಟಿಗೆ ಹಾಕಿದ ಮೇಲೆ ನಿಂತಿತು. ಉಳಿದ ತುಂಡನ್ನು ಊರಿಗೆ ತಂದು ನಮ್ಮ ಓಣಿಯ ಬಿದರಿ ಕೆಲಸದ ಚಾಚಾಗೆ ತೋರಿಸಿದೆ. ಬಿದರಿ ಸಾಮಾನೂ ಬಹುಪಾಲು ಸತುವೇ, ಸ್ವಲ್ಪ ತಾಮ್ರ ಬೆರೆಸಿದ್ದು. ಅವರು ಕನ್ನಡಕ ಏರಿಸಿ, ಉಳಿಯ ತುದಿಯಲ್ಲಿ ಒಂದು ಗೀರು ಹಾಕಿ, "ಜಸ್ತಾ ಒಳ್ಳೇದೇ ಅದ. ಇಷ್ಟ್ ಹಸಿವು ಯಾರಿಗಿತ್ತು?" ಅಂದರು.

ಲೆಕ್ಕಕ್ಕೆ ಬರೋಣ. ದೋಣಿ ಬೆಲೆಯ ಶೇಕಡಾ 10ರಷ್ಟು ಪ್ರತಿ ವರ್ಷ ಖರ್ಚಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಮೊದಲ ವರ್ಷ 19 ಲಕ್ಷ ಆಯಿತು: ಹಾಯಿಕಂಬ ಹಿಡಿದಿಡುವ ಸ್ಟೀಲ್ ತಂತಿಗಳು, ಎಂಜಿನ್ ಕಾಲು ನೀರಿಗಿಳಿಯುವಲ್ಲಿನ ರಬ್ಬರ್ ಸೀಲ್, ತಳದ ಬಣ್ಣ, ಲಿಥಿಯಂ ಬ್ಯಾಟರಿ. ಎರಡನೇ ವರ್ಷ 9, ಮೂರನೇ ವರ್ಷ 8. ಅಗಲ ಜಾಸ್ತಿ ಅಂತ ಮರೀನಾದವರು ಒಂದೂವರೆ ಪಟ್ಟು ಬಾಡಿಗೆ ಕೇಳುತ್ತಾರೆ, ಅದು ಈ ಲೆಕ್ಕದಲ್ಲೇ ಇದೆ. ಆ ಎರಡು ಸೀಲ್‌ಗಳ ವಯಸ್ಸು ಮಾತ್ರ ರಸೀದಿ ಸಮೇತ ಕೇಳಿ. ನಮ್ಮ ಎಂಜಿನ್ ಪುಸ್ತಕದಲ್ಲಿ 7 ವರ್ಷಕ್ಕೆ ಬದಲಿಸಿ ಅಂತಿದೆ, ಮಾಲೀಕರ ಫೈಲಿನಲ್ಲಿ ರಸೀದಿಯೇ ಇರಲಿಲ್ಲ. ಅದು ಹರಿದರೆ ದೋಣಿಯೊಳಗೆ ನೇರ ಸಮುದ್ರವೇ ಬರುತ್ತದೆ.

ಕಳೆದ ಜನವರಿಯಲ್ಲಿ ಲಂಕಾವಿಯಿಂದ ಶ್ರೀಲಂಕಾದ ಗಾಲೆಗೆ ಹೋದೆವು. ಸುಮಾರು 1,200 ನಾಟಿಕಲ್ ಮೈಲಿ, ಒಂಬತ್ತು ದಿನ. ಈಶಾನ್ಯ ಮಾನ್ಸೂನ್ ಗಾಳಿ ಬೆನ್ನಿಗೆ ತಳ್ಳುತ್ತಿತ್ತು, ನಿಜಕ್ಕೂ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅದೇ ಆ ದೋಣಿಯ ದೊಡ್ಡ ಗುಣ. ಏಪ್ರಿಲ್‌ನಲ್ಲಿ ವಾಪಸ್ ಬರುವಾಗ ಗಾಳಿ ಸತ್ತಿತ್ತು. ಮೂರನೇ ಒಂದು ಪಾಲು ದಾರಿ ಒಂದೇ ಎಂಜಿನ್‌ನಲ್ಲಿ, ತಾಸಿಗೆ ಎರಡು ಲೀಟರ್ ಡೀಸೆಲ್ ಸುಡುತ್ತಾ ಬಂದೆವು.

ಎಂಜಿನ್ ಬಿಚ್ಚಿ ಜೋಡಿಸಲು ಬರುವವರು ಒಬ್ಬರಾದರೂ ಜೊತೆಗಿಲ್ಲದಿದ್ದರೆ ಇಪ್ಪತ್ತು ವರ್ಷದ ದೋಣಿ ತೊಗೊಳ್ಳಬೇಡಿ. ಪಟ್ಟಿ ಚಿಕ್ಕದಿದ್ದು, ಫೈಲಿನಲ್ಲಿ ರಸೀದಿ ದಪ್ಪ ಇರುವ ದೋಣಿ ಹುಡುಕಿ.

ಈ ಡಿಸೆಂಬರ್‌ಗೆ ಮತ್ತೆ ಹೊರಟಿದ್ದೇವೆ. ದೋಣಿಗೆ ಹೊಸ ಸಾಮಾನು ಏನೂ ಕೊಂಡಿಲ್ಲ, ರೊಟ್ಟಿಗೆ ಅಂತ ನಮ್ಮಾಕಿ ತಂದ ಎರಡನೇ ಡಬ್ಬಿಯೊಂದನ್ನು ಬಿಟ್ಟು. ತೂಕ ಹಾಕಿ ನೋಡಿದೆ, ಒಂದೂವರೆ ಕಿಲೋ. ಬೇಡ ಅನ್ನಲು ಧೈರ್ಯ ಬರಲಿಲ್ಲ.