ಸಿಸಿಲಿ ಸುತ್ತಲು ಯಾವ ಕಾರು? ದೊಡ್ಡ ಆಟೋಮ್ಯಾಟಿಕ್, ಚಿಕ್ಕ ಪಾಂಡಾ ಎರಡನ್ನೂ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗಂಡ ಹೆಂಡತಿ ಇಬ್ಬರೇ ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗುವುದಾದರೆ, ಇರುವುದರಲ್ಲೇ ಚಿಕ್ಕ ಕಾರು ತಗೊಳ್ಳಿ. ನಾವು ಇದನ್ನು ದುಡ್ಡು ಕಳೆದುಕೊಂಡು ಕಲಿತೆವು.

ಮೇ ತಿಂಗಳಲ್ಲಿ ಹತ್ತು ದಿನ ಅಲ್ಲಿದ್ದೆವು. ಪಲೆರ್ಮೋದಿಂದ ಕತಾನಿಯಾವರೆಗೆ ನಾಲ್ಕು ದಿನ ದೊಡ್ಡ ಆಟೋಮ್ಯಾಟಿಕ್ ಎಸ್‌ಯುವಿ. ಕತಾನಿಯಾದಲ್ಲಿ ಎರಡು ದಿನ ಬರೀ ನಡಿಗೆ. ಆಮೇಲೆ ಎಟ್ನಾ ಅನ್ನುವ ಜ್ವಾಲಾಮುಖಿ ಬೆಟ್ಟಕ್ಕೆ, ಸಿರಾಕೂಸಾ ಊರಿಗೆ ಬೇರೆ ಕಡೆಯಿಂದ ತಗೊಂಡ ಫಿಯಟ್ ಪಾಂಡಾ, ಗೇರ್ ಗಾಡಿ. ಎರಡನ್ನೂ ಓಡಿಸಿದ್ದು ನಾನು. ದಾರಿ ನೋಡಿದ್ದು ನಮ್ಮವರು.

ಆಟೋಮ್ಯಾಟಿಕ್ ಯಾಕೆ ತಗೊಂಡೆವು ಅಂದರೆ ಭಯ. ಇಟಲಿಯಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಗಡೆ. ಬಲಗೈಯಲ್ಲಿ ಗೇರ್ ಹಾಕುವುದು ನನ್ನಿಂದ ಆಗಲ್ಲ ಅನ್ನಿಸಿತ್ತು. ನಾವು ಹುಡುಕಿದ ಕಡೆಯೆಲ್ಲ ಆಟೋಮ್ಯಾಟಿಕ್ ಬೇಕೆಂದರೆ ದೊಡ್ಡ ಕಾರೇ ಸಿಗುತ್ತಿತ್ತು. ಇರಲಿ, ಆರಾಮಾಗಿ ಹೋಗೋಣ ಅಂದುಕೊಂಡೆವು.

ಹೆದ್ದಾರಿಯಲ್ಲಿ ಆರಾಮಾಗಿಯೇ ಇತ್ತು. ತೊಂದರೆ ಶುರುವಾಗಿದ್ದು ಮಡೋನಿಯೆ ಬೆಟ್ಟದ ಒಂದು ಹಳೇ ಊರಲ್ಲಿ. ಅಲ್ಲೇ ರೂಮು ಬುಕ್ ಆಗಿತ್ತು. ಫೋನಿನ ಮ್ಯಾಪ್ ಮೇಲಕ್ಕೆ, ಇನ್ನೂ ಮೇಲಕ್ಕೆ ಅಂತ ಕರೆದುಕೊಂಡು ಹೋಯಿತು. ಮೊದಲು ಎರಡು ಕಾರು ಹೋಗುವಷ್ಟು ಬೀದಿ. ಆಮೇಲೆ ಒಂದು ಕಾರಿನಷ್ಟು. ಆಮೇಲೆ ನಮ್ಮ ಬಾಗಿಲಿಗೂ ಗೋಡೆಗೂ ಒಂದು ಗೇಣು. ತಿರುವು ದಾಟಿ ನೋಡಿದರೆ ಎದುರಿಗೆ ಕಲ್ಲಿನ ಮೆಟ್ಟಿಲು!

ಹಿಂದಕ್ಕೆ ಬರದೆ ಬೇರೆ ದಾರಿಯಿಲ್ಲ. ಇವರು ಇಳಿದು ಸನ್ನೆ ಮಾಡೋಣವೆಂದರೆ ಬಾಗಿಲು ತೆರೆಯುವಷ್ಟು ಜಾಗವಿಲ್ಲ. ಕನ್ನಡಿ ಮಡಚಿದರೆ ಗೋಡೆ ಕಾಣಲ್ಲ, ಮಡಚದಿದ್ದರೆ ಕನ್ನಡಿಯೇ ತಾಗುತ್ತದೆ. ಸೆನ್ಸಾರ್‌ಗಳು ಒಂದೇ ಸಮ ಕೂಗುತ್ತಿದ್ದವು. ಒಮ್ಮೆಯಂತೂ ಕಾರು ತಾನಾಗಿಯೇ ಬ್ರೇಕ್ ಹಾಕಿಕೊಂಡು ನಿಂತಿತು. ನನ್ನ ಕೈ ನಡುಗುತ್ತಿತ್ತು.

ಯಾವುದೋ ಮನೆಯಿಂದ ಒಬ್ಬ ಅಜ್ಜ ಬಂದು ಹಿಂದೆ ನಿಂತರು. 'ಪಿಯಾನೋ, ಪಿಯಾನೋ' ಅಂದರು. ನಿಧಾನ, ನಿಧಾನ ಅಂತ. ಅವರ ಕೈಯನ್ನೇ ನೋಡುತ್ತ ಇಪ್ಪತ್ತೈದು ನಿಮಿಷದಲ್ಲಿ ಕೆಳಗಿಳಿದೆವು. ಕೊನೆಯ ಮೂಲೆಯಲ್ಲಿ ಹಿಂದಿನ ಬಂಪರ್ ಕಲ್ಲಿಗೆ ಉಜ್ಜಿತು. ಅಂಗೈ ಉದ್ದದ ಒಂದು ಗೀರು. ಕತಾನಿಯಾದಲ್ಲಿ ಕಾರು ವಾಪಸ್ ಕೊಟ್ಟಾಗ ಅದಕ್ಕೆ 380 ಯೂರೋ ಡಿಪಾಸಿಟ್‌ನಿಂದ ಹಿಡಿದುಕೊಂಡರು. ಪೂರ್ತಿ ಇನ್ಶೂರೆನ್ಸ್ ಬೇಡ ಅಂದಿದ್ದು ನಾವೇ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಪಾಂಡಾ ಹತ್ತಿದ ಮೊದಲ ಅರ್ಧ ದಿನ ಎಡಗೈ ಗೇರ್ ಹುಡುಕುತ್ತ ಬಾಗಿಲಿಗೆ ಹೋಗುತ್ತಿತ್ತು. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಆಡುತ್ತಿತ್ತು. ಆದರೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ನಮ್ಮಲ್ಲಿರುವ ಸಾಲಿನಲ್ಲೇ ಇವೆ. ಕಾಲಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಇಷ್ಟಕ್ಕೇ ಹೆದರಿ ದೊಡ್ಡ ಕಾರು ತಗೊಂಡೆವಲ್ಲ ಅನ್ನಿಸಿತು.

ಎಟ್ನಾ ಹತ್ತುವಾಗ ಪಾಂಡಾ ಏದುಸಿರು ಬಿಟ್ಟಿದ್ದು ನಿಜ. ನಿಕೊಲೋಸಿ ಊರು ದಾಟಿದ ಮೇಲೆ ಬರೀ ತಿರುವು, ಎರಡನೇ ಗೇರ್, ಎಸಿ ಆಫ್. ಆದರೆ ನಿಧಾನವಾಗಿ ಹೋಗಬೇಕಾದ ದಾರಿಯೇ ಅದು. ಎರಡೂ ಕಡೆ ಕಪ್ಪು ಲಾವಾ, ನಡುನಡುವೆ ಹಳದಿ ಹೂವಿನ ಪೊದೆ. ರಸ್ತೆ ಬದಿ ಒಂದಿಷ್ಟು ಜಾಗ ಕಂಡರೆ ಸಾಕು, ಪಾಂಡಾ ನಿಲ್ಲಿಸಿ ಇಳಿಯುತ್ತಿದ್ದೆವು. ಮೇಲೆ 1,910 ಮೀಟರ್ ಎತ್ತರದ ರಿಫೂಜಿಯೋ ಸಪಿಯೆಂಜಾ ಅನ್ನುವ ಬೆಟ್ಟದ ತಂಗುಮನೆ ತನಕ ಕಾರು ಹೋಗುತ್ತದೆ. ಪಕ್ಕದಲ್ಲೇ 1892ರ ಸ್ಫೋಟದಲ್ಲಿ ಹುಟ್ಟಿದ ಸಿಲ್ವೆಸ್ಟ್ರಿ ಕುಳಿಗಳಿವೆ, ಅವುಗಳ ಅಂಚಿನ ಮೇಲೆ ನಡೆಯಬಹುದು. ಅಲ್ಲಿಂದ ಮುಂದೆ ಸುಮಾರು 2,500 ಮೀಟರ್‌ವರೆಗೆ ಕೇಬಲ್ ಕಾರ್.

1669ರಲ್ಲಿ ಇದೇ ನಿಕೊಲೋಸಿ ಹತ್ತಿರ ನೆಲ ಬಾಯಿ ಬಿಟ್ಟು ಲಾವಾ ಕತಾನಿಯಾ ತನಕ ಹರಿದು ಸಮುದ್ರ ಸೇರಿತು. ಆಗ ಕಡಲ ದಂಡೆಯಲ್ಲಿದ್ದ ಉರ್ಸೀನೋ ಕೋಟೆ ಈಗ ಊರೊಳಗಿದೆ. ಹಿಂದಿನ ದಿನ ಆ ಕೋಟೆ ನೋಡಿ, ಮಾರನೇ ದಿನ ಬೆಟ್ಟ ಹತ್ತಿದಾಗ ಅಷ್ಟು ದೂರ ಬೆಂಕಿ ಹರಿದಿದ್ದು ಕಣ್ಣಿಗೆ ಕಟ್ಟಿತು.

ಸಾಮಾನಿನ ವಿಷಯದಲ್ಲಿ ದೊಡ್ಡ ಕಾರೇ ಮೇಲು. ಪಾಂಡಾ ಡಿಕ್ಕಿಯಲ್ಲಿ ನಮ್ಮ ಎರಡು ದೊಡ್ಡ ಸೂಟ್‌ಕೇಸ್ ಹಿಡಿಸಲಿಲ್ಲ. ಒಂದನ್ನು ಕತಾನಿಯಾದ ರೂಮಿನವರ ಹತ್ತಿರ ಬಿಟ್ಟು ಹೋದೆವು.

ಪಾರ್ಕಿಂಗ್: ಬಿಳಿ ಗೆರೆ ಫ್ರೀ, ನೀಲಿ ಗೆರೆಗೆ ದುಡ್ಡು, ಹಳದಿ ನಮಗಲ್ಲ. ಊರ ಮಧ್ಯದ, ಪರವಾನಗಿ ಇರುವ ಗಾಡಿಗಳಿಗೆ ಮಾತ್ರ ಬಿಡುವ ಝಡ್‌ಟಿಎಲ್ ವಲಯಕ್ಕೆ ಯಾವ ಕಾರಲ್ಲೂ ನುಗ್ಗಬೇಡಿ, ಕ್ಯಾಮೆರಾ ಇರುತ್ತದೆ. ಐಡಿಪಿ, ಅಂದರೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್, ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಎಟ್ನಾ ಸುತ್ತ ಚಿಕ್ಕ ರೈಲೂ ಇದೆ. ನಮಗೆ ಬಿಡುವಿದ್ದಿದ್ದು ಭಾನುವಾರ, ಅವತ್ತು ಅದು ಓಡಲ್ಲ.

ಬಾಡಿಗೆ ದಿನಕ್ಕೆ ಎಸ್‌ಯುವಿಗೆ 78 ಯೂರೋ, ಪಾಂಡಾಗೆ 41. ಪೆಟ್ರೋಲಲ್ಲೂ ಉಳಿಯಿತು. ಅಪ್ಪ ಅಮ್ಮನೂ ಜೊತೆಗಿದ್ದಿದ್ದರೆ ದೊಡ್ಡ ಕಾರು ತಗೊಂಡು, ಊರ ಹೊರಗೆ ಪಾರ್ಕಿಂಗ್ ಇರುವ ಕಡೆ ಉಳಿಯುತ್ತಿದ್ದೆ. ಆದರೆ ನಮಗಿಬ್ಬರಿಗೂ ಹಳೇ ಊರಿನ ಗಲ್ಲಿಯೊಳಗೇ ಇರಬೇಕು, ದಾರಿಯಲ್ಲಿ ಹತ್ತು ಕಡೆ ನಿಲ್ಲಬೇಕು.

ಮುಂದಿನ ವರ್ಷ ನೇಪಲ್ಸ್, ವೆಸೂವಿಯಸ್ ಕಡೆ ಹೋಗುವ ಆಸೆಯಿದೆ. ಪಾಂಡಾ ಡಿಕ್ಕಿಗೆ ಹಿಡಿಸುವ ಎರಡು ಚಿಕ್ಕ ಸೂಟ್‌ಕೇಸ್ ಈಗಲೇ ತಂದಿಟ್ಟಿದ್ದೇವೆ.