ಎರಡು ಚಳಿಗಾಲಗಳು: ಅನ್‌ರಿಯಲ್ ವರ್ಲ್ಡ್ ಮತ್ತು ದಿ ಲಾಂಗ್ ಡಾರ್ಕ್

ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕುಳಿಯುವುದನ್ನೇ ವಸ್ತುವಾಗಿಸಿಕೊಂಡ ಎರಡು ಕಂಪ್ಯೂಟರ್ ಆಟಗಳನ್ನು ಕಳೆದ ಮಳೆಗಾಲದಿಂದ ಒಂದರ ಬೆನ್ನಿಗೊಂದು ಆಡುತ್ತಿದ್ದೇನೆ. ಫಿನ್ಲೆಂಡಿನ ಸಾಮಿ ಮಾರನೆನ್ 1992ರಲ್ಲಿ ಹೊರತಂದು, ಮುಂದೆ ಎರ್ಕಾ ಲೆಹ್ಮುಸ್ ಅವರ ಜೊತೆಗೂಡಿ ದಶಕಗಳ ಕಾಲ ತಿದ್ದುತ್ತ ಬಂದ ‘ಅನ್‌ರಿಯಲ್ ವರ್ಲ್ಡ್’ ಒಂದು. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೊ 2013ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಜನರಿಂದ ಹಣ ಕೂಡಿಸಿ, 2014ರಲ್ಲಿ ಅರ್ಲಿ ಆಕ್ಸೆಸ್ ರೂಪದಲ್ಲಿ, ಅಂದರೆ ಪೂರ್ಣಗೊಳ್ಳುವ ಮೊದಲೇ, ಮಾರಾಟಕ್ಕಿಟ್ಟ ‘ದಿ ಲಾಂಗ್ ಡಾರ್ಕ್’ ಇನ್ನೊಂದು. ಎರಡರಲ್ಲೂ ಚಳಿಯೇ ದೊಡ್ಡ ಶತ್ರು. ಎರಡನೆಯದರ ಕಥಾಭಾಗವನ್ನು ಬಿಟ್ಟರೆ, ಎರಡರಲ್ಲೂ ಸಾಮಾನ್ಯವಾಗಿ ಸತ್ತರೆ ಆ ಬದುಕು ಅಲ್ಲಿಗೇ ಮುಗಿಯಿತು, ಮೊದಲು ಉಳಿಸಿಟ್ಟ ಹಂತಕ್ಕೆ ಮರಳುವಂತಿಲ್ಲ. ಎರಡೂ ವರ್ಷಗಟ್ಟಲೆ ಬೆಳೆದ ಆಟಗಳೇ ಆದರೂ, ಆಟಗಾರರು ಮೊದಲನೆಯದರ ದೀರ್ಘಾಯುಷ್ಯವನ್ನು ಮೆಚ್ಚುತ್ತಾರೆ, ಎರಡನೆಯದರ ವಿಳಂಬಕ್ಕೆ ಮುನಿಯುತ್ತಾರೆ.

ಮೊದಲ ನೋಟಕ್ಕೆ ಗೆಲ್ಲುವುದು ‘ದಿ ಲಾಂಗ್ ಡಾರ್ಕ್’. ಜಲವರ್ಣದಂತಹ ಚಿತ್ರಗಳು, ಕಾಲಡಿಯಲ್ಲಿ ನುರಿಯುವ ಹಿಮ, ದೂರದಲ್ಲಿ ತೋಳದ ಊಳು. ಹಿಮವನ್ನು ಕಣ್ಣಾರೆ ಕಾಣದ ನನಗೂ ಫ್ಯಾನ್ ನಿಲ್ಲಿಸಿಬಿಡಬೇಕೆನ್ನಿಸಿತು. ಮಿಸ್ಟರಿ ಲೇಕ್ ಎಂಬ ಪ್ರದೇಶದ ಕ್ಯಾಂಪ್ ಕಚೇರಿಯಿಂದ ಸರೋವರದ ಮೇಲಿನ ಮೀನುಗಾರರ ಗುಡಿಸಲಿಗೆ ಹೊರಟ ದಿನ ನನ್ನಲ್ಲಿದ್ದದ್ದು ಎರಡೇ ಬೆಂಕಿಕಡ್ಡಿ. ನಡುದಾರಿಯಲ್ಲಿ ಹಿಮಗಾಳಿ ಎದ್ದು ಕೈಯಳತೆಯ ಆಚೆ ಏನೂ ಕಾಣದಾದಾಗ, ಬಂಡೆಯೊಂದರ ಮರೆಯಲ್ಲಿ ಬೆಂಕಿ ಹಾಕಿದೆ. ಸ್ವಲ್ಪ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಅದನ್ನು ಆರಿಸಿತು. ಎರಡನೆಯ ಕಡ್ಡಿಯೂ ಹೊತ್ತದೆ ಹೋಯಿತು. ಗಾಳಿಯ ದಿಕ್ಕು ಇಷ್ಟು ಮುಖ್ಯವಾಗುವ ಇನ್ನೊಂದು ಆಟವನ್ನು ನಾನು ಆಡಿಲ್ಲ.

‘ಅನ್‌ರಿಯಲ್ ವರ್ಲ್ಡ್’ಗೆ ಇಂತಹ ಸೊಗಸಿಲ್ಲ. ಮೇಲಿನಿಂದ ಕಾಣುವ ಚೌಕಗಳ ನಕ್ಷೆ, ನಡುವೆ ಕೆಲವು ಛಾಯಾಚಿತ್ರಗಳು, ಒಂದೊಂದು ಕೆಲಸಕ್ಕೆ ಕೀಬೋರ್ಡಿನ ಒಂದೊಂದು ಕೀಲಿ. ಮೊದಲ ಗಂಟೆಯಲ್ಲೇ ಬೇಸತ್ತು ಬಿಟ್ಟವರು ಅನೇಕರಿದ್ದಾರೆ, ನಾನೂ ಒಮ್ಮೆ ಬಿಟ್ಟವನೇ. ಆದರೆ ನೀವು ಕೀಲಿ ಒತ್ತುವವರೆಗೆ ಕಾಲ ಸರಿಯುವುದಿಲ್ಲವಾದ್ದರಿಂದ ಇಲ್ಲಿ ಗಾಬರಿಗಿಂತ ಯೋಜನೆಗೇ ಬೆಲೆ ಹೆಚ್ಚು. ಕಬ್ಬಿಣ ಯುಗದ ಫಿನ್ಲೆಂಡನ್ನು ಹೋಲುವ ಆ ಕಾಡಿನಲ್ಲಿ, ಎರಡು ಕೆರೆಗಳ ನಡುವಿನ ಕಿರಿದಾದ ನೆಲಕ್ಕೆ ಅಡ್ಡಲಾಗಿ ಬೇಲಿ ಕಟ್ಟಿ, ಬಿಟ್ಟ ಕಂಡಿಗಳಲ್ಲಿ ಗುಂಡಿ ತೋಡಿ ಕಾದೆ. ಹಲವು ದಿನಗಳ ಮೇಲೆ ಎಲ್ಕ್ ಎಂಬ ಭಾರೀ ಜಿಂಕೆ ಬಿತ್ತು. ಹಿಗ್ಗಿ ಚರ್ಮ ಸುಲಿದು ಮಾಂಸ ಕೊಯ್ದ ಮೇಲಷ್ಟೇ ಹೊಳೆದದ್ದು: ಮಾಂಸವನ್ನು ಹೊಗೆಯಲ್ಲಿಟ್ಟು ಕಾಪಾಡಲು ಒಲೆಯಿರುವ ಕೋಣೆ ಬೇಕು, ನಾನು ಮನೆಯನ್ನೇ ಕಟ್ಟಿರಲಿಲ್ಲ, ಗಾಳಿಗೆ ಒಣಗಿಸಲು ಹವೆ ಇನ್ನೂ ಬೆಚ್ಚಗಿತ್ತು. ಹೊರುವಷ್ಟನ್ನು ಹಳ್ಳಿಗೆ ಒಯ್ದು ಕೊಡಲಿಯೊಂದಕ್ಕೆ ವಿನಿಮಯ ಮಾಡಿಕೊಂಡೆ, ಉಳಿದದ್ದು ಕೊಳೆಯಿತು. ‘ದಿ ಲಾಂಗ್ ಡಾರ್ಕ್’ನಲ್ಲಿ ಒಂದು ತಪ್ಪು ಹೆಜ್ಜೆಗೆ ಸತ್ತೆ, ಇಲ್ಲಿ ಎರಡು ತಿಂಗಳ ಹಿಂದೆ ಮಾಡದೆ ಬಿಟ್ಟ ಕೆಲಸಕ್ಕಾಗಿ ಹಸಿದೆ.

ಇನ್ನು ಅಸಮಾಧಾನದ ಮಾತು. ‘ದಿ ಲಾಂಗ್ ಡಾರ್ಕ್’ ಬದುಕುಳಿಯುವುದೇ ಗುರಿಯಾದ, ಕೊನೆಯಿಲ್ಲದ ಸರ್ವೈವಲ್ ಆಟದ ಜೊತೆಗೆ, ವಿಂಟರ್‌ಮ್ಯೂಟ್ ಎಂಬ ಐದು ಕಂತಿನ ಕಥೆಯನ್ನೂ ಕೊಡುವುದಾಗಿ ಹೇಳಿತ್ತು. ಮೊದಲ ಎರಡು ಕಂತುಗಳು 2017ರ ಆಗಸ್ಟ್‌ನಲ್ಲಿ ಬಂದವು. 2018ರ ಕೊನೆಗೆ ಅವನ್ನೇ ಹೊಸದಾಗಿ ಹೆಣೆಯಲಾಯಿತು. ಮೂರನೆಯದು 2019ರಲ್ಲಿ, ನಾಲ್ಕನೆಯದು 2021ರಲ್ಲಿ ಬಂತು. ಐದನೆಯದು ಬರುವ ಮೊದಲೇ, 2022ರ ಡಿಸೆಂಬರ್‌ನಲ್ಲಿ, ಸರ್ವೈವಲ್ ಭಾಗಕ್ಕೆ ಹಣ ಕೊಟ್ಟು ಕೊಳ್ಳಬೇಕಾದ ವಿಸ್ತರಣೆ ಬಂದಾಗ, ಮೊದಲು ಹಳೆಯ ಮಾತು ಉಳಿಸಿಕೊಳ್ಳಿ ಎಂದವರನ್ನು ನಾನು ತಪ್ಪೆನ್ನಲಾರೆ. ಸರ್ವೈವಲ್ ಭಾಗಕ್ಕೆ ಆ ವರ್ಷಗಳುದ್ದಕ್ಕೂ ಬಿಟ್ಟಿಯಾಗಿ ಬಂದ ಅಪ್‌ಡೇಟ್‌ಗಳು ಸಣ್ಣವಲ್ಲ ಎಂಬುದೂ ನಿಜ. ಕಥೆಗಾಗಿ ಕೊಂಡವರಿಗೆ ಅದು ಸಮಾಧಾನವಾಗದು, ಅಷ್ಟೆ.

‘ಅನ್‌ರಿಯಲ್ ವರ್ಲ್ಡ್’ ಯಾವ ಕೊನೆಯನ್ನೂ ಮಾತುಕೊಟ್ಟಿಲ್ಲ. ಅಲ್ಲಿ ಗೆಲುವು ಎಂಬುದೇ ಇಲ್ಲ. 2016ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂದಾಗ ಅದಕ್ಕೆ ಆಗಲೇ ಇಪ್ಪತ್ತನಾಲ್ಕು ವರ್ಷ. ಹಳೆಯ ಆವೃತ್ತಿಗಳನ್ನು ಉಚಿತವಾಗಿ ಆಡಿ ನೋಡಿ, ಬೇಕೆನಿಸಿದರೆ ಹೊಸದನ್ನು ಕೊಳ್ಳಬಹುದು. ಹೀಗಾಗಿ ಅಲ್ಲಿನ ದೂರು ಬೇರೆ ಬಗೆಯದು: ಮನೆ ಕಟ್ಟಿ, ಉಗ್ರಾಣ ತುಂಬಿ, ಮೊದಲ ಚಳಿಗಾಲ ದಾಟಿದ ಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ ಎಂಬುದು. ಆ ದೂರಿನಲ್ಲಿ ಹುರುಳಿದೆ, ಆದರೆ ಹಾಗೆ ದೂರುವಷ್ಟು ದೂರ ನಾನಿನ್ನೂ ತಲುಪಿಲ್ಲ.

ಕಥೆ, ದೃಶ್ಯ, ಒಂದು ಸಂಜೆಯ ರೋಮಾಂಚನ ಬೇಕಿದ್ದವರು ‘ದಿ ಲಾಂಗ್ ಡಾರ್ಕ್’ ಕೊಳ್ಳಲಿ, ಆದರೆ ಮುಂದೇನು ಬರಲಿದೆ ಎಂಬುದನ್ನು ನೆಚ್ಚದೆ, ಇವತ್ತು ಅದರಲ್ಲಿ ಇರುವುದಕ್ಕೆ ಬೆಲೆ ಕಟ್ಟಿ ಕೊಳ್ಳಲಿ. ನನ್ನ ಹಳೆಯ ಲ್ಯಾಪ್‌ಟಾಪ್ ಅದಕ್ಕೆ ಕಾದ ಕಾವಲಿಯಾಗುತ್ತದೆ. ‘ಅನ್‌ರಿಯಲ್ ವರ್ಲ್ಡ್’ಗಾದರೆ ಅದರ ಫ್ಯಾನ್ ಸದ್ದೂ ಮಾಡುವುದಿಲ್ಲ. ಸದ್ಯ ಅಲ್ಲೇ ಇದ್ದೇನೆ. ಮರದ ಮನೆಗೆ ಇನ್ನೂ ಎರಡು ಗೋಡೆ ಬಾಕಿ, ಕೆರೆಯ ಅಂಚು ಆಗಲೇ ಹೆಪ್ಪುಗಟ್ಟುತ್ತಿದೆ.