ಹಳೇ ಯೆಜ್ಡಿ ಕೊಳ್ಳಲು ಹೊರಟವರೇ, ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಹಳೇ ಯೆಜ್ಡಿ ಬೈಕ್ ತಗೋಬೇಕು ಅಂತ ವರ್ಷಗಟ್ಟಲೆ ದುಡ್ಡು ಕೂಡಿಟ್ಟವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬ. 2023ರ ನವೆಂಬರ್‌ನಲ್ಲಿ 1,40,000 ರೂಪಾಯಿ ಕೊಟ್ಟು ಒಂದು ಯೆಜ್ಡಿ ರೋಡ್‌ಕಿಂಗ್ ತಂದೆ. ಇವತ್ತು ಅದು ನಮ್ಮ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಓಡಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಗುಜರಿಗೆ ಹಾಕುವ ಹಾಗೂ ಇಲ್ಲ. ನನ್ನ ಬಲ ಮೊಣಕಾಲಿನ ಮೇಲೆ ಹೊಲಿಗೆಯ ಗುರುತು ಇದೆ. ಇದರಲ್ಲಿ ಬೈಕಿನ ತಪ್ಪು ಏನೂ ಇಲ್ಲ. ಮೋಸ ಮಾಡಿ ಮಾರಿದವನದ್ದು ಒಂದು ತಪ್ಪು, ಕಣ್ಣು ಬಿಟ್ಟು ನೋಡದೆ ಕೊಂಡ ನನ್ನದು ಇನ್ನೊಂದು.

ಯಾಕೆ ನೋಡಲಿಲ್ಲ ಅನ್ನುವುದನ್ನು ಮೊದಲು ಹೇಳಬೇಕು. ಏಕೆಂದರೆ ನಿಮ್ಮಲ್ಲಿ ತುಂಬಾ ಜನ ಇದೇ ಕಾರಣಕ್ಕೆ ಮೋಸ ಹೋಗುತ್ತೀರಿ.

ನಮ್ಮ ಅಪ್ಪನ ಹತ್ತಿರ ಯೆಜ್ಡಿ ಇತ್ತು. 1986ರ ಮಾಡೆಲ್. ಆಗ ನಾವು ಮೈಸೂರಿನಲ್ಲಿದ್ದೆವು. ಯಾದವಗಿರಿಯಲ್ಲಿ ಕಾರ್ಖಾನೆಯ ಮುಂದೆ ಹೋಗುವಾಗಲೆಲ್ಲ ಅಪ್ಪ ಒಂದು ಹಾರ್ನ್ ಹೊಡೆದು, "ನೋಡೋ, ನಮ್ ಗಾಡಿ ತವರುಮನೆ" ಎನ್ನುತ್ತಿದ್ದರು. 1961ರಲ್ಲಿ ಐಡಿಯಲ್ ಜಾವಾ ಕಂಪನಿಯ ಬೈಕುಗಳು ಹೊರಬರಲು ಶುರುವಾಗಿದ್ದು ಅಲ್ಲಿಂದಲೇ. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲೇ ಬಂದವು, 1970ರ ದಶಕದಲ್ಲಿ ಯೆಜ್ಡಿ ಆದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಈಗ ನೀವು ಯಾವ ಹಳೇ ಯೆಜ್ಡಿ ನೋಡಲು ಹೋದರೂ ಅದಕ್ಕೆ ಹತ್ತಿರ ಹತ್ತಿರ ಮೂವತ್ತು ವರ್ಷವಾದರೂ ಆಗಿರುತ್ತದೆ. ಈ ಲೆಕ್ಕ ನೆನಪಿರಲಿ.

ಅಪ್ಪ ಆ ಗಾಡಿಯನ್ನು ಎಷ್ಟು ಬೈಯುತ್ತಿದ್ದರೋ ಅಷ್ಟೇ ಮುದ್ದು ಮಾಡುತ್ತಿದ್ದರು. ಯೆಜ್ಡಿಯಲ್ಲಿ ಗೇರ್ ಲಿವರ್ರೇ ಕಿಕ್ಕರ್. ಅದನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಹೊಡೆಯಬಹುದು. ಚಳಿಗಾಲದ ಬೆಳಿಗ್ಗೆ ಹತ್ತು ಸಲ ತುಳಿದರೂ ಸ್ಟಾರ್ಟ್ ಆಗದಿದ್ದರೆ "ದರಿದ್ರದ್ದು, ನಾಳೇನೇ ಮಾರಿಬಿಡ್ತೀನಿ" ಎನ್ನುತ್ತಿದ್ದರು. ಅಮ್ಮನಿಗೆ ಅದರ ಹೊಗೆ ಕಂಡರೆ ಆಗುತ್ತಿರಲಿಲ್ಲ. "ಒಗೆದ ಬಟ್ಟೆ ಹಾಕಿದೀನಿ ಕಣ್ರೀ, ಗೇಟಿಂದಾಚೆ ತಳ್ಕೊಂಡು ಹೋಗಿ ಸ್ಟಾರ್ಟ್ ಮಾಡಿ" ಅಂತ ದಿನಾ ಒಂದೇ ಮಾತು. ಲೀಟರಿಗೆ 25 ಕಿಲೋಮೀಟರ್ ಸಿಕ್ಕರೆ ಪುಣ್ಯ. ಆದರೆ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇಟ್ಟುಕೊಂಡು ಅದು ಮಾಡುವ ಆ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದರೆ ಸಾಕು, ನಾನು ಪುಸ್ತಕ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಸಂಜೆ ಅಪ್ಪ ಹಳೇ ಬನಿಯನ್ ಬಟ್ಟೆ ಹಿಡಿದು ಟ್ಯಾಂಕಿನ ಕ್ರೋಮ್ ಒರೆಸುತ್ತಾ ಕೂರುತ್ತಿದ್ದರು. 1999ರಲ್ಲಿ ಅಕ್ಕನ ಮದುವೆಗೆ ಅದನ್ನು ಮಾರಿದರು. ಕೊಂಡವನು ಓಡಿಸಿಕೊಂಡು ಹೋದಾಗ ಅಪ್ಪ ಹೊರಗೇ ಬರಲಿಲ್ಲ.

ಇಂಥ ನೆನಪು ಇಟ್ಟುಕೊಂಡು ಬೈಕ್ ನೋಡಲು ಹೋದರೆ ಕಣ್ಣಿಗೆ ತುಕ್ಕು ಕಾಣಿಸುವುದಿಲ್ಲ.

ಮಾರಿದವನ ಪರಿಚಯ ಫೋನಿನಲ್ಲೇ ಆಗಿದ್ದು. ವಿಡಿಯೋ ಕಳಿಸಿದ. ಕಡುಕೆಂಪು ಪೇಂಟು, ಕ್ರೋಮ್ ಫಳಫಳ, ಹೊಸ ಸೀಟು, ಹೊಸ ಟೈರು. "ಫುಲ್ ರೆಸ್ಟೋರ್ ಸಾರ್, ನಟ್ಟಿಂದ ಬೋಲ್ಟಿನವರೆಗೆ ಬಿಚ್ಚಿ ಮಾಡಿಸಿದೀನಿ" ಅಂದ. ಒಂದು ಭಾನುವಾರ ಅವನ ಊರಿಗೆ ಹೋದೆ. ನಾನು ಹೋಗುವಷ್ಟರಲ್ಲಿ ಗಾಡಿ ಆಗಲೇ ಸ್ಟಾರ್ಟ್ ಆಗಿ ನಿಂತಿತ್ತು. ಇಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬಿಸಿ ಇಂಜಿನ್ ತನ್ನ ರೋಗ ಹೇಳುವುದಿಲ್ಲ. ನೋಡಲು ಹೋಗುವ ಮುಂಚೆ "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ತಕ್ಷಣ ಇಂಜಿನ್ ಮೇಲೆ ಕೈ ಇಟ್ಟು ನೋಡಿ. ಬಿಸಿಯಾಗಿದ್ದರೆ ಕಾಫಿ ಕುಡಿದುಕೊಂಡು ಒಂದು ಗಂಟೆ ಕಾಯಿರಿ. ಕಾಯಲು ಬಿಡದೆ ಅವಸರ ಮಾಡಿದರೆ ವಾಪಸ್ ಬನ್ನಿ.

ಆರ್‌ಸಿ ಕೇಳಿದೆ. ಜೆರಾಕ್ಸ್ ತೋರಿಸಿದ. ಒರಿಜಿನಲ್ ಏಜೆಂಟ್ ಹತ್ತಿರ ಇದೆ, ರಿನ್ಯೂವಲ್‌ಗೆ ಕೊಟ್ಟಿದ್ದೇನೆ, ಒಂದೇ ವಾರದಲ್ಲಿ ನಿಮ್ಮ ಹೆಸರಿಗೇ ಬರುತ್ತದೆ ಎಂದ. 70,000 ಫೋನಿನಲ್ಲಿ ಹಾಕಿದೆ, ಉಳಿದ 70,000 ನಗದು ಕೊಟ್ಟೆ. ನಗದಿಗೆ ಒಂದು ಚೀಟಿ ಕೂಡ ಬರೆಸಿಕೊಳ್ಳಲಿಲ್ಲ. ಅಪ್ಪನ ಗಾಡಿಯ ಸದ್ದು ಕಿವಿಯಲ್ಲಿತ್ತು, ಬೇರೆ ಏನೂ ತಲೆಗೆ ಹೋಗಲಿಲ್ಲ.

ಮೊದಲ ವಾರ ಚೆನ್ನಾಗೇ ಓಡಿತು. ಒಂದು ವಿಷಯ ಮಾತ್ರ ಗಮನಕ್ಕೆ ಬಂತು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಸ್ವಲ್ಪ ಹೊತ್ತು ರೇಸ್ ಆಗೇ ಇರುತ್ತಿತ್ತು, ಆಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಕೇಬಲ್ ಬಿಗಿಯಾಗಿದೆ ಅಂದುಕೊಂಡು ಎಣ್ಣೆ ಬಿಟ್ಟೆ. ದಯವಿಟ್ಟು ಈ ಲಕ್ಷಣ ನೆನಪಿಟ್ಟುಕೊಳ್ಳಿ. ಹಳೇ ಟೂ ಸ್ಟ್ರೋಕ್ ಬೈಕಿನಲ್ಲಿ ಹೀಗಾದರೆ ಬಹುಪಾಲು ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಕ್ರ್ಯಾಂಕಿನ ಆಯಿಲ್ ಸೀಲ್ (ಇಂಜಿನ್ ಒಳಗೆ ಹೊರಗಿನ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಉಂಗುರ) ಗಟ್ಟಿಯಾಗಿ ಸೀಳಿದ್ದರೆ ಹೀಗೇ ಆಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ, ಏಕೆಂದರೆ ರೋಡ್‌ಕಿಂಗ್‌ನಲ್ಲಿ ಪಿಸ್ಟನ್‌ಗೆ ಬೇರೆ ಆಯಿಲ್ ಪಂಪ್ ಇಲ್ಲ. ಪೆಟ್ರೋಲಿಗೆ ನಾವು ಬೆರೆಸುವ ಟೂಟಿ ಆಯಿಲೇ ಅದಕ್ಕೆ ಗತಿ.

ಡಿಸೆಂಬರ್‌ನಲ್ಲಿ ಹಾಸನದಿಂದ ಧರ್ಮಸ್ಥಳಕ್ಕೆ ಹೊರಟೆ. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಶುರುಮಾಡಿದೆ. ಇಳಿಜಾರು ಅಂತ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಗಾಡಿ ಹಿಡಿದು ಇಳಿಸುತ್ತಿದ್ದೆ. ಈಗಿನ ಬೈಕಿನಲ್ಲಿ ಎಲ್ಲರೂ ಹಾಗೇ ಅಲ್ವಾ ಇಳಿಸುವುದು? ಆದರೆ ಯೆಜ್ಡಿಯಂಥ ಗಾಡಿಯಲ್ಲಿ ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲ್ ಹೆಚ್ಚುಕಮ್ಮಿ ನಿಲ್ಲುತ್ತದೆ, ಜೊತೆಗೆ ಆಯಿಲೂ ನಿಲ್ಲುತ್ತದೆ. ಚಕ್ರ ಮಾತ್ರ ಇಂಜಿನ್ ಅನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಒಣ ಸಿಲಿಂಡರಿನಲ್ಲಿ ಪಿಸ್ಟನ್ ಉಜ್ಜಿ ಉಜ್ಜಿ ಕಚ್ಚಿಕೊಳ್ಳುತ್ತದೆ. ಹಳಬರು ಘಾಟಿ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ಆಕ್ಸಿಲರೇಟರ್ ಕೊಡುತ್ತಿದ್ದುದು ಇದಕ್ಕೇ. ಅಪ್ಪನೂ ಹಾಗೆ ಮಾಡುತ್ತಿದ್ದರು. ನಾನು ಅದನ್ನು ಅವರ ಶೋಕಿ ಅಂದುಕೊಂಡಿದ್ದೆ.

ನಾಲ್ಕನೆಯದೋ ಐದನೆಯದೋ ತಿರುವು. ಇಂಜಿನ್ ಸದ್ದು ಒಮ್ಮೆಲೇ ಬದಲಾಯಿತು, ಕೊಡದಿಂದ ನೀರು ಹೊಯ್ಯುವುದನ್ನು ನಿಲ್ಲಿಸಿದ ಹಾಗೆ. ಮರುಕ್ಷಣ ಹಿಂದಿನ ಚಕ್ರ ಹಿಡಿದುಕೊಂಡಿತು. ಟೈರ್ ರಸ್ತೆಗೆ ಉಜ್ಜುವ ಕಿರ್ ಅನ್ನುವ ಸದ್ದು, ಬಾಲ ಬಲಕ್ಕೆ ತಿರುಗಿತು. ಕ್ಲಚ್ ಹಿಡಿಯಬೇಕು ಎಂದು ಹೊಳೆಯುವಷ್ಟರಲ್ಲಿ ನಾನು ನೆಲದಲ್ಲಿದ್ದೆ. ಎದುರಿಗೆ ಬಸ್ ಬರುತ್ತಿತ್ತು. ಆ ಡ್ರೈವರ್ ದೂರದಲ್ಲೇ ನೋಡಿ ನಿಲ್ಲಿಸಿದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ. ಅವರು ಇಳಿದು ಬಂದು ನೀರು ಕೊಟ್ಟು, ಗಾಡಿ ಎತ್ತಿ ಬದಿಗೆ ನಿಲ್ಲಿಸಿ, "ಬೈಕ್ ಆಮೇಲೆ ನೋಡಿ ಮಾರಾಯ್ರೇ, ಮೊದ್ಲು ಕಾಲು ನೋಡಿ" ಅಂದರು. ಪ್ಯಾಂಟು ಹರಿದು ಮೊಣಕಾಲಿನ ಚಿಪ್ಪು ಬೆಳ್ಳಗೆ ಕಾಣುತ್ತಿತ್ತು.

ಗೂಡ್ಸ್ ಗಾಡಿಯಲ್ಲಿ ಬೈಕ್ ವಾಪಸ್ ತಂದು, ಮೈಸೂರಿನಲ್ಲಿ ನಲವತ್ತು ವರ್ಷದಿಂದ ಯೆಜ್ಡಿ ಕೆಲಸವನ್ನೇ ಮಾಡುತ್ತಿರುವ ಒಬ್ಬ ಮೇಸ್ತ್ರಿಯ ಹತ್ತಿರ ಹಾಕಿದೆ. ಅವರು ಬಿಚ್ಚುವಾಗ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಪಿಸ್ಟನ್ ಮೈಮೇಲೆ ಉಗುರಿನಲ್ಲಿ ಪರಚಿದ ಹಾಗೆ ಉದ್ದುದ್ದ ಗೀರು. ಸಿಲಿಂಡರನ್ನು ಕೊರೆದು ಕೊರೆದು ಕೊನೆಯ ಸೈಜಿನವರೆಗೂ ಅಗಲ ಮಾಡಿಯಾಗಿತ್ತು, ಇನ್ನು ಒಳಗೆ ಹೊಸ ಕೊಳವೆ (ಸ್ಲೀವ್) ಹಾಕದೆ ವಿಧಿಯಿಲ್ಲ. ಕಾರ್ಬೊರೇಟರ್ ಬೇರೆ ಯಾವುದೋ ಬೈಕಿನದ್ದು. ಬಲಗಡೆಯ ಆಯಿಲ್ ಸೀಲನ್ನು ಅವರು ಬೆರಳಿನಲ್ಲಿ ಮಡಿಚಿದರು, ಹಪ್ಪಳದ ಹಾಗೆ ಮುರಿಯಿತು. ಆಮೇಲೆ ಇಂಜಿನ್ ಕೇಸನ್ನು ತಿರುಗಿಸಿ, ಸ್ಕ್ರೂಡ್ರೈವರ್ ತುದಿಯಿಂದ ಒಂದು ಕಡೆ ಕೆರೆದರು. ಸಿಲ್ವರ್ ಪೇಂಟಿನ ಕೆಳಗೆ ಬೂದು ಬಣ್ಣದ ಎಂ-ಸೀಲ್. ಅದರ ಕೆಳಗೆ ಬಿರುಕು.

"ಎಷ್ಟು ಕೊಟ್ರಿ ಸಾರ್?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಇಂಜಿನ್ ಒಂದೂರಿಂದು, ಚಾಸಿಸ್ ಇನ್ನೊಂದೂರಿಂದು ಸಾರ್. ಪೇಂಟ್ ಮಾತ್ರ ಒಂದೇ ಡಬ್ಬದ್ದು" ಅಂದರು.

ಆ ಮಾತು ಕೇಳಿದ ಮೇಲೇ ನಾನು ನಂಬರ್ ನೋಡಿದ್ದು. ಹ್ಯಾಂಡಲ್ ಕೆಳಗಿನ ಚಾಸಿಸ್ ನಂಬರಿನ ಮೇಲೆ ಪೇಂಟು ಮಂದವಾಗಿ ಕೂತಿತ್ತು. ಮೇಸ್ತ್ರಿ ತಿನ್ನರ್ ಹಾಕಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರು. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ, ಓರೆಯಾಗಿ ಬಿಟ್ಟರೆ ಎಲ್ಲ ಕಾಣುತ್ತದೆ. ಸುತ್ತಲಿನ ಕಬ್ಬಿಣ ಸ್ವಲ್ಪ ತಗ್ಗಾಗಿತ್ತು, ಅರದಿಂದ ಉಜ್ಜಿದ ಗೆರೆಗಳು ಇದ್ದವು. ಒಂದು 3 ಅನ್ನು 8 ಮಾಡಿದ್ದರು. ಹೊಸದಾಗಿ ಹೊಡೆದ ಅರ್ಧ ಬೇರೆ ಆಳ, ಹಳೆಯ ಅರ್ಧ ಬೇರೆ ಆಳ. ನನ್ನ ಕೈಕಾಲು ತಣ್ಣಗಾದವು.

ಆರ್‌ಟಿಒ ಕಚೇರಿಗೆ ಹೋಗಿ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ವಿವರದ ಪ್ರತಿ) ತೆಗೆಸಿದೆ. ಜೆರಾಕ್ಸಿನಲ್ಲಿದ್ದ ನಂಬರಿನ ಗಾಡಿ ಇದ್ದದ್ದು ನಿಜ. ಆದರೆ ಅದರ ನೋಂದಣಿ 2011ರಲ್ಲೇ ಮುಗಿದಿತ್ತು. ಇಂಜಿನ್ ನಂಬರ್ ಪೂರ್ತಿ ಬೇರೆ. ಯಾವ ಏಜೆಂಟನೂ ರಿನ್ಯೂವಲ್‌ಗೆ ಅರ್ಜಿ ಹಾಕಿರಲಿಲ್ಲ. ಮಾರಿದವನ ಫೋನ್ ಆ ದಿನದಿಂದ ಸ್ವಿಚ್ ಆಫ್. ಠಾಣೆಯಲ್ಲಿ ದೂರು ಕೊಟ್ಟೆ. ಫೋನಿನಲ್ಲಿ ಹಾಕಿದ 70,000ಕ್ಕೆ ದಾಖಲೆ ಇದೆ, ನಗದಿಗೆ ಇಲ್ಲ. ಗಾಡಿ ಕದ್ದದ್ದೋ ಅಲ್ಲವೋ ಗೊತ್ತಾಗುವವರೆಗೆ ಅದರ ಒಂದು ನಟ್ಟನ್ನೂ ಬಿಚ್ಚಿ ಮಾರಬೇಡಿ ಎಂದಿದ್ದಾರೆ. ಬಿಚ್ಚಿದ ಇಂಜಿನ್ ಇನ್ನೂ ಗೋಣಿಚೀಲದಲ್ಲೇ ಇದೆ.

ಆರ್‌ಸಿ ವಿಷಯ ಎಷ್ಟು ಹೇಳಿದರೂ ಸಾಲದು. ಸ್ವಂತ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಮೇಲೆ ಹೇಳಿದ ಮೂವತ್ತು ವರ್ಷದ ಲೆಕ್ಕ ಇದಕ್ಕೇ ಬೇಕಾಗಿದ್ದು. ಇಷ್ಟು ಹೊತ್ತಿಗೆ ಆ ಗಾಡಿ ಮೂರು ಸಲವಾದರೂ ರಿನ್ಯೂ ಆಗಿರಲೇಬೇಕು. ಆಗಿಲ್ಲದಿದ್ದರೆ ಯಾಕೆ ಅಂತ ಕೇಳಿ. 2022ರ ಏಪ್ರಿಲ್‌ನಲ್ಲಿ ಬೈಕ್ ರಿನ್ಯೂವಲ್ ಶುಲ್ಕ 300ರಿಂದ 1,000 ರೂಪಾಯಿಗೆ ಏರಿದ್ದು, ಆಮೇಲೂ ಹಳೇ ಗಾಡಿಗಳಿಗೆ ಏರಿದ್ದು ನಿಜ, ತಡವಾದರೆ ದಂಡವೂ ಸೇರುತ್ತದೆ. ಆದರೆ ಲಕ್ಷಕ್ಕೆ ಮೇಲೆ ಬೆಲೆ ಹೇಳುವವನು ಆ ದುಡ್ಡು ಉಳಿಸಲು ಸುಮ್ನೆ ಬಿಟ್ಟಿರುವುದಿಲ್ಲ. ರಿನ್ಯೂವಲ್‌ಗೆ ಗಾಡಿಯನ್ನೇ ಒಯ್ದು ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಬೇಕು, ಅವರು ಚಾಸಿಸ್ ನಂಬರ್ ನೋಡುತ್ತಾರೆ. ಒಯ್ಯದೇ ಇರುವುದಕ್ಕೆ ಅದೇ ಕಾರಣ ಇರಬಹುದು.

ಹಾಗಾಗಿ ರಿನ್ಯೂವಲ್ ಅವರೇ ಮಾಡಿಸಿ, ಒರಿಜಿನಲ್ ಆರ್‌ಸಿ ಕೈಗೆ ಕೊಟ್ಟ ಮೇಲೇ ದುಡ್ಡು ಕೊಡಿ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ನಿಮ್ಮೆದುರು ಸಹಿ ಹಾಕಬೇಕು. "ಅವರು ದುಬೈನಲ್ಲಿದ್ದಾರೆ", "ಅವರು ತೀರಿಕೊಂಡಿದ್ದಾರೆ, ಮಗ ಸಹಿ ಹಾಕ್ತಾನೆ" ಎಂದರೆ ಅದಕ್ಕೆ ಬೇಕಾದ ಕಾಗದಪತ್ರ ಎಲ್ಲಿದೆ ಕೇಳಿ. ಮೊದಲೇ ಸಹಿ ಹಾಕಿಟ್ಟ ಖಾಲಿ ಫಾರಂ ಕೊಟ್ಟರೆ ತಗೊಳ್ಳಬೇಡಿ. ಮಾರುವವರಿಗೂ ಒಂದು ಮಾತು. ಹೆಸರು ವರ್ಗಾವಣೆ ಆಗುವ ತನಕ ಆ ಗಾಡಿಯಿಂದ ಅಪಘಾತವಾದರೆ ನೋಟಿಸ್ ಬರುವುದು ನಿಮ್ಮ ಮನೆಗೇ.

ಯಮಹಾ ಆರ್‌ಎಕ್ಸ್ 100 ಹುಡುಕುವವರಿಗೂ ಇದೇ ಪಾಡು. ಅದು ಕೂಡ 1996ಕ್ಕೇ ನಿಂತುಹೋದ ಗಾಡಿ, ಬೆಲೆ ಮಾತ್ರ ವರ್ಷ ವರ್ಷ ಏರುತ್ತಿದೆ. ಆಮೇಲಿನ ಆರ್‌ಎಕ್ಸ್‌ಜಿಗೆ ಆರ್‌ಎಕ್ಸ್ 100ರ ಸ್ಟಿಕ್ಕರ್ ಹಾಕಿ ಮಾರುವವರಿದ್ದಾರೆ. ಹೆಸರನ್ನು ಟ್ಯಾಂಕಿನ ಮೇಲೆ ಓದಬೇಡಿ, ಆರ್‌ಸಿಯಲ್ಲಿ ಸಿಸಿ ಎಷ್ಟಿದೆ ಅಂತ ಓದಿ. 98 ಇರಬೇಕು.

ಎಲ್ಲರೂ ಮೋಸಗಾರರಲ್ಲ. ಮೂವತ್ತು ವರ್ಷದಿಂದ ಒಂದೇ ಯೆಜ್ಡಿಯನ್ನು ಮಗುವಿನ ಹಾಗೆ ಸಾಕಿದವರನ್ನು ನಾನು ಕಂಡಿದ್ದೇನೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಊರೂರಲ್ಲಿ ಇವರೆಲ್ಲ ಸೇರುತ್ತಾರೆ. ಕೊಳ್ಳುವ ಮುಂಚೆ ಒಂದು ಸಲ ಅಲ್ಲಿಗೆ ಹೋಗಿ. ಅವರು ಆ ಗಾಡಿಯನ್ನು ಬೈಯುವುದನ್ನು ಕೂತು ಕೇಳಿ. ಯಾವ ಸದ್ದು ಸರಿ, ಯಾವ ಹೊಗೆ ಸರಿ, ಯಾವ ಪಾರ್ಟು ಎಲ್ಲಿ ಸಿಗುತ್ತದೆ, ಎಲ್ಲ ಹೇಳುತ್ತಾರೆ. ನಾನು ಹೋಗಿದ್ದು ಕೊಂಡ ಮೇಲೆ. ಅಲ್ಲಿ ಇನ್ನಿಬ್ಬರು ನನ್ನ ಹಾಗೇ ನಂಬರ್ ತಿದ್ದಿದ ಗಾಡಿ ಇಟ್ಟುಕೊಂಡವರು ಸಿಕ್ಕರು. ನಾವು ಮೂವರೂ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿದೆವು. ಬರೆಯಬೇಕು ಎಂದು ಅವತ್ತೇ ಅನ್ನಿಸಿತು.

ಹಾಸನ, ಚಿಕ್ಕಮಗಳೂರು, ಮೈಸೂರು ಕಡೆ ಯಾರಾದರೂ ಗಾಡಿ ನೋಡಲು ಹೋಗುವವರಿದ್ದರೆ ನನಗೆ ಹೇಳಿ. ಭಾನುವಾರ ನಾನೇ ಜೊತೆಗೆ ಬರುತ್ತೇನೆ. ಟಾರ್ಚ್, ಚಾಸಿಸ್ ಪ್ರಿಂಟ್ ತೆಗೆಯಲು ಪೆನ್ಸಿಲ್ಲು ಪೇಪರ್ರು, ಒಂದು ಸಣ್ಣ ಬಾಟಲಿಯಲ್ಲಿ ತಿನ್ನರ್, ಎಲ್ಲ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ.